ಗಂಟಲಿಲ್ಲದ ರಾಜ

ಹಳಸವಾಡಿ, ತಾ. ಖಾನಾಪುರ
20 ಫೆಬ್ರುವರಿ 2025

ಪ್ರೀತಿಯ ಅಬ್ಬಾ, ಸಲಾಮ್.

ಬಾಗಿಲು ಮುಚ್ಚಿತು! ನಿನ್ನೆ ಮಧ್ಯಾಹ್ನ, ನನ್ನ ಕಣ್ಣೆದುರಿಗೇ ಮುಚ್ಚಿತು. ನೀವಾಗಿದ್ದರೆ ಈ ಸುದ್ದಿಗೆ ಮೊದಲು ಗಂಟೆ ಬಾರಿಸಿ, ಆಮೇಲೆ ಪರದೆ ಎತ್ತುತ್ತಿದ್ದಿರಿ.

ಇಲ್ಲಿ ತವನಪ್ಪ ಕಾಕಾ ಎಂಬುವರ ಹೊಲದ ಬದುವಿನ ಮೇಲೆ ಹಳೆಯ ತಾರೆ ಮರವಿದೆ. ಅದರ ಪೊಟರೆಗೆ ಹೆಣ್ಣು ಮಂಗಟ್ಟೆ ಹಕ್ಕಿ ಹೊಕ್ಕಿದ್ದಾಳೆ. ಹೊಕ್ಕವಳು ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಎಲ್ಲ ಕಲಸಿ ಒಳಗಿನಿಂದಲೇ ಬಾಗಿಲು ಮೆತ್ತಿಕೊಂಡುಬಿಟ್ಟಳು. ಉಳಿದದ್ದು ಒಂದು ಸೀಳು, ಕೊಕ್ಕಿನ ತುದಿ ತೂರುವಷ್ಟು. ಮರಿ ಬೆಳೆಯುವವರೆಗೆ ಆಕೆ ಹೊರಗೆ ಬರುವುದಿಲ್ಲ. ಒಳಗೆ ರೆಕ್ಕೆಯ ದೊಡ್ಡ ಗರಿಗಳು ಉದುರುತ್ತವೆ, ಬಂದರೂ ಹಾರಲಾರಳು. ಗಂಡು ಅತ್ತಿ ಹಣ್ಣು ತಂದು ಸೀಳಿನಲ್ಲಿಟ್ಟರೆ ಊಟ. ಗಂಡು ಬಾರದಿದ್ದರೆ ಆ ಪೊಟರೆಯೇ ಗೋರಿ. ಅದಕ್ಕೇ ನಮ್ಮ ಪಕ್ಷಿ ಸಂರಕ್ಷಣಾ ತಂಡ ನನ್ನನ್ನು ಇಲ್ಲಿ ಕೂರಿಸಿದೆ. ಎಲೆಯ ಮರೆ ಕಟ್ಟಿಕೊಂಡು ಅದರ ಹಿಂದೆ ದಿನವಿಡೀ ಕೂರುತ್ತೇನೆ. ಗಂಡು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ರೆಕ್ಕೆಯ ಸದ್ದು ಉಗಿಬಂಡಿ ಏದುಸಿರು ಬಿಟ್ಟ ಹಾಗೆ!

ಊಟ ರೇಣವ್ವನ ಮನೆಯಲ್ಲಿ. "ಹಕ್ಕಿ ಕಾಯಾಕ ಪಗಾರ ಕೊಡ್ತಾರ? ನಮ್ಮ ಕೋಳಿ ಕಾಯವಾ, ನಾ ರೊಟ್ಟಿ ಕೊಡ್ತೀನಿ" ಎಂದು ದಿನಾ ನಗುತ್ತಾಳೆ.

ಅಬ್ಬಾ, ನೀವು ಫೋನು ಏಕೆ ಎತ್ತುವುದಿಲ್ಲ? ಇಲ್ಲಿ ಟವರು ಸಿಗುವುದಿಲ್ಲ, ನಿಜ. ಆದರೆ ಸಂತೆಯ ದಿನ ಖಾನಾಪುರಕ್ಕಿಳಿದು ಕರೆ ಮಾಡಿದಾಗಲೂ ಪ್ರತಿ ಸಲ ನನ್ನ ತಮ್ಮ ಅಮ್ಜದನೇ ಎತ್ತುತ್ತಾನೆ. ಅಬ್ಬಾ ನಮಾಜಿಗೆ ಹೋಗಿದ್ದಾರೆ ಎನ್ನುತ್ತಾನೆ, ನಮಾಜಿನ ಹೊತ್ತೇ ಅಲ್ಲದಾಗಲೂ! ಆಮೇಲೆ ನಿಮ್ಮ ಅಪ್ಪಣೆ: ಪತ್ರ ಬರೆ, ಬಸ್ಸಿನ ಕಂಡಕ್ಟರ್ ಮುತ್ತಪ್ಪನ ಕೈಯಲ್ಲಿ ಕಳಿಸು. ಬರೆದಿದ್ದೇನೆ. ನಿಮ್ಮ ಕಾರಣ ಬರೆಯಿರಿ.

ನಿಮ್ಮ
ಕೌಸರ

---

ಖಾಸಬಾಗ, ಬೆಳಗಾವಿ
25 ಫೆಬ್ರುವರಿ 2025

ಮಗಳೇ ಕೌಸರ,

ಕಾರಣವೇ? ಕೇಳು! ಫೋನಿನ ಕಿವಿ ಬಟಾಣಿಯಷ್ಟು. ನಾಟಕ ಕಂಪನಿಯ ಡೇರೆಯ ಕಟ್ಟಕಡೆಯ ಕಂಬಕ್ಕೆ ಒರಗಿ ಕೂತವನ ಎದೆ ನಡುಗಿಸಿದ ಈ ಮದಾರಸಾಬನ ದನಿ ಆ ಬಟಾಣಿಯೊಳಗೆ ಹಿಡಿದೀತೇ? ಒಡೆದು ಹೋದೀತು! ಮನೆಯಲ್ಲಿ ನಾವು ದಖನಿ ಆಡುತ್ತೇವೆ, ಒಪ್ಪಿದೆ. ಆದರೆ ಅಕ್ಷರ ಎಂದರೆ ನನಗೆ ಕನ್ನಡ. ಪಾತ್ರ ಬರೆದುಕೊಂಡು ಬರೆದುಕೊಂಡು ಕಲಿತ ಕನ್ನಡ. ಪತ್ರದಲ್ಲಿ ನಾನು ನಾನಾಗಿರುತ್ತೇನೆ. ಗಂಟಲು ಕಂಚಿನ ಹಾಗಿದೆ, ಚಿಂತೆ ಬೇಡ. ಕ್ಯಾಂಪಿನ ದವಾಖಾನೆಗೆ ನಾಲ್ಕಾರು ಸಲ ಹೋದದ್ದು ಅಮ್ಜದನ ಕೆಮ್ಮಿಗೆ.

ಈಗ ಸುದ್ದಿ. ಒಂದು ಊರಿನವರು ನನ್ನನ್ನು ರಾಜನ ಪಾತ್ರಕ್ಕೆ ಕರೆದಿದ್ದಾರೆ! ಡೇರೆ ಮಡಚಿಟ್ಟ ಮೇಲೆ ಕಿರೀಟಕ್ಕೆ ಜೇಡ ಬಲೆ ಕಟ್ಟಿತ್ತು. ಒರೆಸಿ ಹೊಳಪು ಬರಿಸಿದ್ದೇನೆ. ಯಾವ ಊರು, ಯಾವ ದಿನ ಎಂದು ಕೇಳಬೇಡ. ನಮ್ಮ ಕಂಪನಿಯ ಪದ್ಧತಿ ನಿನಗೆ ಗೊತ್ತು, ಮುಖ್ಯ ನಟನ ಹೆಸರು ಪರದೆ ಏಳುವವರೆಗೆ ಗುಟ್ಟು. ಊರವರಿಗೂ ಹಾಗೆಯೇ ತಾಕೀತು ಮಾಡಿದ್ದೇನೆ. ಕಿರೀಟದ ನನ್ನನ್ನು ನೀನು ನೋಡಿದ್ದು ಒಂದೇ ಸಲ, ಅದೂ ನಿಮ್ಮ ಅಮ್ಮಿಯ ಮಡಿಲಲ್ಲಿ. ನಾನು ಮಗನಿಗೆ ಮರಣದಂಡನೆ ವಿಧಿಸುವ ಹೊತ್ತಿಗೆ ಸರಿಯಾಗಿ ನೀನು ನಿದ್ದೆ ಹೋದೆ! ಅಮ್ಮಿ ಕಡೆಯವರೆಗೂ ಅದನ್ನು ಹೇಳಿ ನಗುತ್ತಿದ್ದಳು.

ನಿನ್ನ ಗಂಡು ಮಂಗಟ್ಟೆಗೆ ನನ್ನ ಸಲಾಮು ಹೇಳು. ಪ್ರವೇಶಕ್ಕೆ ಮೊದಲೇ ಸದ್ದಿನಿಂದ ರಂಗ ತುಂಬುವವನು ದೊಡ್ಡ ನಟ!

ನಿನ್ನ
ಅಬ್ಬಾ

---

ಹಳಸವಾಡಿ
18 ಮಾರ್ಚ್ 2025

ಅಬ್ಬಾ,

ಸಲಾಮು ಹೇಳಲು ಅವನು ಹತ್ತಿರ ಬಂದರೆ ತಾನೇ!

ಈ ಊರಿನಲ್ಲಿ ಪ್ರತಿ ವರ್ಷ ಒಂದು ನಾಟಕವಾಗುತ್ತದೆ, ಹಗಲಿನಲ್ಲಿ. ಕಾಡಿನಲ್ಲಿ ಕರಡಿ ಇವೆ, ಸುತ್ತಲಿನ ವಾಡಿಗಳ ಜನ ಕತ್ತಲಾಗುವ ಮೊದಲು ಮನೆ ಸೇರಬೇಕು. ಅದಕ್ಕೆ ಊಟ ಮುಗಿಸಿ ಪರದೆ ಎತ್ತುತ್ತಾರೆ, ಸೂರ್ಯ ಇಳಿಯುವ ಮೊದಲು ಬಿಡುತ್ತಾರೆ. ಈ ಸಲ ಏಪ್ರಿಲ್ 5ಕ್ಕೆ. ಹಂದರ ಹಾಕಿರುವುದು ತವನಪ್ಪ ಕಾಕಾನ ಹೊಲದಲ್ಲಿ, ಸಮತಟ್ಟು ನೆಲ ಅದೊಂದೇ. ಅಷ್ಟಾದರೆ ಸಹಿಸಬಹುದಿತ್ತು. ನಿನ್ನೆ ಧ್ವನಿವರ್ಧಕದ ಎರಡು ದೊಡ್ಡ ಕಹಳೆ ತಂದರು, ಊರವರು ಭೋಂಗಾ ಎನ್ನುತ್ತಾರೆ. ಎಲ್ಲಿಗೆ ಕಟ್ಟಿದರು ಗೊತ್ತೇ? ತಾರೆ ಮರಕ್ಕೆ! ಸೀಳಿನಿಂದ ಎರಡಾಳು ಕೆಳಗೆ.

ಹಾಡು ಹಚ್ಚಿದರು. ಗಂಡು ಬಂದ, ಕೊಕ್ಕಿನಲ್ಲಿ ಹಣ್ಣು. ಮರದ ಸುತ್ತ ಸುತ್ತಿದ, ಮತ್ತೆ ಸುತ್ತಿದ, ಹಣ್ಣನ್ನು ಹಾಗೇ ಕಚ್ಚಿಕೊಂಡು ಕಾಡಿನ ಕಡೆ ಹಾರಿಹೋದ. ಸೀಳಿನಿಂದ ಕೊಕ್ಕಿನ ತುದಿ ಹೊರಗೆ ಚಾಚಿಯೇ ಇತ್ತು.

ಓಡಿ ಹೋಗಿ ತವನಪ್ಪ ಕಾಕಾನ ಮುಂದೆ ನಿಂತೆ. ಕೆಟ್ಟವರಲ್ಲ ಅವರು, ಜೈನರು, ಇರುವೆ ಸಾಲು ಕಂಡರೂ ದಾಟಿ ನಡೆಯುವವರು. ನಾಟಕದ ಮಂಡಳಿಗೆ ಅವರೇ ಹಿರಿಯರು. "ಭೋಂಗಾ ಬ್ಯಾಡ್ರಿ ಕಾಕಾ" ಎಂದೆ.

"ನಂದೇನಿಲ್ಲವಾ. ಅದು ಆ ನಟರ ಷರತ್ತು. ಬೆಳಗಾವಿಯಿಂದ ಬರಾವ್ರದಾರ, ಭಾಳ ದೊಡ್ಡ ಮನಶ್ಯಾ. ಊರಾಗ ಎಲ್ಲಾಕ್ಕಿಂತ ಎತ್ತರದ ಗಿಡಕ್ಕ ಭೋಂಗಾ ಕಟ್ರಿ, ಇಲ್ಲಂದ್ರ ಬರೂದಿಲ್ಲ ಅಂತ ಹೇಳಿ ಕಳಿಸ್ಯಾರ."

"ಹೆಸರೇನ್ರಿ ಅವರದು?"

"ಹೆಸರ ಹೇಳೂಹಂಗಿಲ್ಲ ಅಂದಾರವಾ. ಮಾತ ಕೊಟ್ಟೀವಿ."

ಎಂಥ ನಟನಿರಬೇಕು ಅಬ್ಬಾ! ನಿಮ್ಮ ಕಂಪನಿಯ ಪದ್ಧತಿ ಕದ್ದಿದ್ದಾನೆ, ನಿಮ್ಮ ಗಂಟಲನ್ನು ಕದಿಯಲಾಗಲಿಲ್ಲ. ಕಡೆಯ ಕಂಬದವರೆಗೆ ದನಿ ಒಯ್ಯಲಾಗದವನು ರಾಜನಾಗುವುದೇಕೆ? ಮನೆಯಲ್ಲಿ ಕೂರಬಾರದೇ? ಗಂಟಲಿಲ್ಲದ ಒಬ್ಬ ಮುದುಕನ ಆಸೆಗೆ ಇಲ್ಲಿ ಒಂದು ಸಂಸಾರ ಉಪವಾಸ ಬೀಳಬೇಕೇ? ಬೆಳಗಾವಿಯ ನಟರೆಲ್ಲ ನಿಮಗೆ ಗೊತ್ತು. ಯಾರೆಂದು ಹುಡುಕಿ ಅವನಿಗೆ ಬುದ್ಧಿ ಹೇಳಿ. ಬೇಗ!

ಕೌಸರ

---

ಖಾಸಬಾಗ
24 ಮಾರ್ಚ್ 2025

ಕೌಸರ,

ನಿನ್ನ ಪತ್ರ ಸಿಕ್ಕಿತು. ಓದಿದೆ. ಇಫ್ತಾರಿಗೆ ಕೂತವನು ಖರ್ಜೂರ ಕೈಯಲ್ಲಿ ಹಿಡಿದುಕೊಂಡು ಮತ್ತೆ ಓದಿದೆ.

ಗಂಟಲಿಲ್ಲದ ಮುದುಕ ಎಂದು ಬರೆದೆಯಲ್ಲ, ಆ ಮಾತು ಎಷ್ಟು ಹಗುರವಾಗಿ ಬಂತು ನಿನ್ನ ಲೇಖನಿಗೆ! ಅವನಿಗೂ ಒಂದು ಕಾಲದಲ್ಲಿ ಕಂಠವಿದ್ದೀತು. ಒಂದು ಬೆಳಗ್ಗೆ ಎದ್ದಾಗ ಅದು ಹೋಗಿದ್ದೀತು. ವೈದ್ಯರು ಒಳಗೆ ಏನನ್ನೋ ಕತ್ತರಿಸಿ ತೆಗೆದು, ಇನ್ನು ಮೆಲ್ಲಗೆ ಮಾತಾಡಿ ಅಜ್ಜಾ ಎಂದಿದ್ದಾರು. ಮೆಲ್ಲಗೆ! ಜೀವನವೆಲ್ಲ ಗುಡುಗಿದವನಿಗೆ! ಅಂಥವನನ್ನು ಯಾವುದೋ ಕಾಡಿನ ಮೂಲೆಯ ಜನ ಇನ್ನೊಂದು ಸಲ ರಾಜ ಎಂದು ಕರೆದರೆ, ಒಂದು ಭೋಂಗಾ ಊರುಗೋಲಾಗಿ ಬೇಡಿದರೆ, ಅದು ಮಹಾಪಾಪವೇ? ಆ ಆಟ ನೋಡಬೇಕಾದವರು ಒಬ್ಬರು ಅಲ್ಲಿ ಕೂತಿದ್ದಾರು, ಅವರಿಗಾಗಿಯೇ ಅವನು ಒಪ್ಪಿದ್ದಾನು. ನಿನಗೇನು ಗೊತ್ತು?

ಹಕ್ಕಿಗೆ ನಾಲ್ಕು ದಿನ ಊಟ ತಡವಾದರೆ ಆಕಾಶ ಕಳಚುವುದಿಲ್ಲ. ನಾವು ತಿಂಗಳಿಡೀ ಉಪವಾಸವಿಲ್ಲವೇ? ಗಂಡು ಇಂದು ಬಾರದಿದ್ದರೆ ನಾಳೆ ಬರುತ್ತಾನೆ. ನಟರನ್ನು ಹಾಗೆ ಅನ್ನಬೇಡ.

ಮದಾರಸಾಬ

---

ಹಳಸವಾಡಿ
27 ಮಾರ್ಚ್ 2025

ಅಬ್ಬಾ ಅವರಿಗೆ,

ನೀವು ಆ ನಟನ ಪರ ನಿಂತಿರಿ. ಆಗಲಿ. ನಟನಿಗೆ ನಟನೇ ಆಗಬೇಕು.

ಇಲ್ಲಿ ನಡೆದದ್ದನ್ನು ಬಣ್ಣ ಹಚ್ಚದೆ ಬರೆಯುತ್ತೇನೆ. ತಾಲೀಮು ಈಗ ಬೆಳಗ್ಗೆಯಿಂದಲೇ. ನಡುವೆ ಬಿಡುವಾದರೆ ಭೋಂಗಾದಲ್ಲಿ ಹಾಡು. ಮೊನ್ನೆಯವರೆಗೆ ಗಂಡು ಬೆಳಕು ಹರಿಯುವ ಮುನ್ನ ಒಮ್ಮೆ ಬಂದು ಅವಸರದಲ್ಲಿ ಎರಡು ಹಣ್ಣು ಕೊಟ್ಟು ಓಡುತ್ತಿದ್ದ. ನಿನ್ನೆ ಅದೂ ಇಲ್ಲ. ಇಂದೂ ಇಲ್ಲ.

ಕಳೆದ ವಾರ ಮರದ ಬುಡದಲ್ಲಿ ಮೊಟ್ಟೆಯ ಚಿಪ್ಪಿನ ಚೂರು ಸಿಕ್ಕಿತ್ತು. ಒಳಗೆ ಮರಿ ಇದೆ. ತಾಲೀಮು ನಿಂತ ಮೇಲೆ ಕಿವಿಗೊಟ್ಟು ಕೇಳಿದರೆ ಚೀರುವ ಸದ್ದು, ಸೂಜಿಯಷ್ಟು ಸಣ್ಣದು. ನಿನ್ನೆ ಸಂಜೆ ಕೇಳಿತು. ಇಂದು ಇನ್ನೂ ಕೇಳಿಲ್ಲ. ರೇಣವ್ವ ಕೂಡ ಈಗ ನಗುವುದಿಲ್ಲ. "ಬಾಣಂತಿ ಅದಾಳಲ್ಲವಾ ಒಳಗ" ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಾಳೆ. ನಾನೇ ಏಣಿ ಹಾಕಿ ಹಣ್ಣು ಕೊಡೋಣವೆಂದರೆ, ಮನುಷ್ಯರನ್ನು ಕಂಡ ಹೆದರಿಕೆಗೆ ಆಕೆ ಬಾಗಿಲು ಒಡೆದು ಕೆಳಗೆ ಬಿದ್ದಾಳೆಂದು ತಂಡದವರು ಬೇಡವೆಂದಿದ್ದಾರೆ.

ಉಪವಾಸದ ಮಾತು ಬರೆದಿರಲ್ಲ. ನಮ್ಮ ಉಪವಾಸಕ್ಕೆ ಸಂಜೆ ಎಂಬುದೊಂದಿದೆ ಅಬ್ಬಾ. ಆಕೆಗಿಲ್ಲ.

ಶನಿವಾರ ಖಾನಾಪುರಕ್ಕೆ ಹೋಗಿ ಅರಣ್ಯ ಕಚೇರಿಯಲ್ಲಿ ಊರವರ ಮೇಲೆ ದೂರು ಕೊಡುತ್ತೇನೆ. ಅಲ್ಲಿಗೆ ಈ ಊರಿನ ಬಾಗಿಲು ನನಗೆ ಮುಚ್ಚುತ್ತದೆ, ತಿಳಿದಿದೆ. "ವರ್ಷಕ್ಕೊಂದ ದಿವಸ ನಮ್ಮೂರಿಗೂ ದನಿ ಬರ್ತೈತಿ, ಅದನ್ನೂ ಕಸೀತಿಯೇನವಾ?" ಎಂದು ತವನಪ್ಪ ಕಾಕಾ ಕೇಳಿದರು. ಇನ್ನು ಮುಂದೆ ಈ ಸುತ್ತಿನ ಹೊಲಗಳ ಯಾವ ಗೂಡನ್ನೂ ಯಾರೂ ನಮಗೆ ತೋರಿಸುವುದಿಲ್ಲ. ಬೇರೆ ದಾರಿ ಕಾಣುತ್ತಿಲ್ಲ.

ಈದ್‌ಗೆ ಬರುವುದಿಲ್ಲ.

ಕೌಸರ

---

ಖಾಸಬಾಗ
28 ಮಾರ್ಚ್ 2025

ಮಗಳೇ,

ಮುತ್ತಪ್ಪ ನಿನ್ನ ಪತ್ರ ಕೊಟ್ಟು ಚಹಾ ಕೂಡ ಕುಡಿಯದೆ ನಿಂತಿದ್ದಾನೆ, ನಾನು ನಿಲ್ಲಿಸಿಕೊಂಡಿದ್ದೇನೆ. ಅದಕ್ಕೆ ಇದು ಚಿಕ್ಕದು.

ದೂರು ಕೊಡಬೇಡ. ಭೋಂಗಾ ಇಳಿಯುತ್ತದೆ. ಆ ನಟನನ್ನು ನಾನು ಬಲ್ಲೆ, ನನ್ನ ಮಾತು ಮೀರುವ ಧೈರ್ಯ ಅವನಿಗಿಲ್ಲ. ತವನಪ್ಪನವರಿಗೂ ಇದೇ ಮುತ್ತಪ್ಪನ ಕೈಯಲ್ಲಿ ಚೀಟಿ ಹೋಗುತ್ತಿದೆ.

ಒಂದು ಮಾತು ನಡೆಸಿಕೊಡು. ನಾಟಕದ ದಿನ ನೀನು ಹಂದರದ ಕಡೆ ಸುಳಿಯಬೇಡ. ನಿನ್ನ ಎಲೆಯ ಮರೆಯಲ್ಲಿ ಕೂತು ಗೂಡನ್ನೇ ನೋಡು. ಎಷ್ಟು ಜನ ಸೇರಿದರೂ, ಏನೇ ನಡೆದರೂ ಏಳಬೇಡ. ಗಂಡು ಬಂತೋ ಇಲ್ಲವೋ ಅಷ್ಟನ್ನು ನೋಡಿ ನನಗೆ ಬರೆ.

ಅಬ್ಬಾ

---

ಹಳಸವಾಡಿ
2 ಏಪ್ರಿಲ್ 2025

ಅಬ್ಬಾ,

ಈದ್ ಮುಬಾರಕ್, ತಡವಾಗಿ. ಅಮ್ಜದ ಕಳಿಸಿದ ಶೀರಖುರ್ಮಾದ ಡಬ್ಬಿ ತಲುಪಿತು. ರೇಣವ್ವ ಬೆರಳು ನೆಕ್ಕಿ, "ನಿಮ್ಮಪ್ಪ ಇನ್ನೊಂದು ಡಬ್ಬಿ ಕಳಸೂದಾದ್ರ ದಿನಾ ಹಕ್ಕಿ ಕಾಯತೀನಿ" ಎಂದಳು.

ಭೋಂಗಾ ಇಳಿಯಿತು! ನಿಮ್ಮ ಚೀಟಿ ಓದಿ ತವನಪ್ಪ ಕಾಕಾ ನನ್ನನ್ನು ನೋಡಿದರು, ಚೀಟಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ತಾವೇ ಧೋತರ ಎತ್ತಿ ಕಟ್ಟಿ ಏಣಿ ಹತ್ತಿ ಹಗ್ಗ ಬಿಚ್ಚಿದರು. ತಾಲೀಮನ್ನು ಬಸದಿಯ ಹಿಂದಿನ ಕೊಟ್ಟಿಗೆಗೆ ಒಯ್ದರು.

ಮಾರನೆಯ ದಿನ ಸಂಜೆ ಗಂಡು ಬಂದ. ದೂರದ ಕೊಂಬೆಯಲ್ಲಿ ಕೂತು ಕತ್ತು ವಾರೆ ಮಾಡಿ ನೋಡಿದ, ಬಂದು ಒಂದೇ ಹಣ್ಣು ಇಟ್ಟು ಹಾರಿದ. ನಿನ್ನೆ ಎರಡು ಸಲ. ಮರಿ ಬದುಕಿದೆ, ಸದ್ದು ತೀರ ಕ್ಷೀಣ. ಇನ್ನೊಂದು ದಿನ ಅವನು ಹೆದರಿ ಹೋದರೆ ಉಳಿಯದು. ನನ್ನ ಭಯವೆಲ್ಲ ಶನಿವಾರದ್ದು. ಸುತ್ತಲಿನ ವಾಡಿಗಳಿಂದೆಲ್ಲ ಜನ ಬರುತ್ತಾರೆ. ನಾಟಕ ಎಂದ ಮೇಲೆ ಕೂಗಾಟವಿಲ್ಲದೆ ಇದ್ದೀತೇ?

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ಮನುಷ್ಯನಿಗೆ ನೀವು ಏನು ಹೇಳಿದಿರಿ? ಗದರಿಸಿದಿರಾ? ಭೋಂಗಾ ಇಲ್ಲದೆ ಅವನು ಹೇಗೆ ಆಡುತ್ತಾನೆ? ನಾನು ಅವನನ್ನು ಬಹಳ ಕೆಟ್ಟದಾಗಿ ಬರೆದೆ. ಅವನು ನಿಮಗೆ ಸಿಕ್ಕರೆ, ಮಾತು ಜಾರಿತು, ತಪ್ಪಾಯಿತು ಎಂದಳು ಎಂದು ಹೇಳಿ.

ಕೌಸರ

---

ಖಾನಾಪುರ ಬಸ್‌ನಿಲ್ದಾಣ
5 ಏಪ್ರಿಲ್ 2025, ಸಂಜೆ

ಮಗಳೇ ಕೌಸರ!

ಸಿಕ್ಕ. ಹೇಳಿದೆ. ಕ್ಷಮಿಸಿದ.

ಪರದೆ ಸರಿಸುತ್ತೇನೆ: ಅವನು ಈಗ ಈ ಬೆಂಚಿನ ಮೇಲೆ, ಕಿವಿಯ ಹಿಂದೆ ಬಣ್ಣ ಉಳಿದಿರುವಂತೆಯೇ, ಕಿರೀಟದ ಪೆಟ್ಟಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ನಿನಗೆ ಈ ಪತ್ರ ಬರೆಯುತ್ತಿದ್ದಾನೆ. ಬೆಳಗ್ಗೆ ಬಸ್ಸು ಹತ್ತಿದಾಗ ಮುತ್ತಪ್ಪ ನನ್ನ ಕಿವಿಯಲ್ಲಿ, "ಸಾಹೇಬ್ರ, ಪತ್ರಾನೂ ನಾನ ಒಯ್ಯೂದು, ಬರದಾವ್ರನ್ನೂ ನಾನ ಒಯ್ಯೂದು. ಇನ್ನ ನಿಮ್ಮ ಮಗಳನ್ನ ಒಬ್ಬಾಕಿನ್ನ ಒಯ್ದ್ರ ನಾಟಕ ಮುಗೀತು" ಎಂದ. ಬಾಯಿ ಮುಚ್ಚೆಂದೆ.

ನೋವಾಯಿತೇ? ನನಗೂ ಆಯಿತು, ಮಾರ್ಚಿನಲ್ಲಿ. ಅದು ಮುಗಿಯಿತು. ಈಗ ಆಟ ಕೇಳು!

ಹಂದರದ ತುಂಬ ಜನ. ಪೀಪಿ ಇಲ್ಲ, ನಗಾರಿ ಇಲ್ಲ, ಗುಡುಗಿನ ತಗಡು ಇಲ್ಲ. ತವನಪ್ಪ ಮುಂದೆ ಬಂದು ಕೈಮುಗಿದು, "ಬಾಜೂಕ ಒಬ್ಬಾಕಿ ಬಾಣಂತಿ ಮಲಗ್ಯಾಳ್ರಪಾ, ಸದ್ದ ಮಾಡಬ್ಯಾಡ್ರಿ" ಎಂದರು. ಯಾರ ಬಾಣಂತಿ ಎಂದು ಒಬ್ಬರೂ ಕೇಳಲಿಲ್ಲ, ಅಳುವ ಕೂಸುಗಳನ್ನು ಎತ್ತಿಕೊಂಡು ಹೊರಗೆ ನಡೆದ ತಾಯಂದಿರೇ ಎಷ್ಟೋ! ನಾನು ಪ್ರವೇಶಿಸಿದೆ. ಬಾಯಿ ತೆರೆದೆ. ಈಗ ನನ್ನಲ್ಲಿ ಉಳಿದಿರುವ ದನಿ ಒಣ ಎಲೆಯ ಮೇಲೆ ನಡೆದಷ್ಟು. ಮುಂದಿನ ಸಾಲಿಗೆ ಮಾತ್ರ ಮುಟ್ಟಿತು. ಎದೆ ಒಡೆಯಿತು ಮಗಳೇ. ನಿಂತೇ ಇದ್ದೆ, ಕೈ ಎತ್ತಿದವನು ಇಳಿಸುವುದನ್ನೂ ಮರೆತು.

ಆಗ ಮುಂದಿನ ಸಾಲಿನ ಒಬ್ಬ ಮುದುಕಿ ಹಿಂದಕ್ಕೆ ತಿರುಗಿ ನನ್ನ ಮಾತನ್ನು ಹಿಂದಿನವಳ ಕಿವಿಯಲ್ಲಿ ಹೇಳಿದಳು. ಅವಳು ತನ್ನ ಹಿಂದಿನವಳಿಗೆ. ಪಕ್ಕದವರೂ ಹಾಗೇ. ಮಾತು ಸಾಲಿನಿಂದ ಸಾಲಿಗೆ ಹೋಗುವುದನ್ನು ನಾನು ಕಣ್ಣಿನಿಂದ ಕಂಡೆ, ಜೋಳದ ಹೊಲದ ಮೇಲೆ ಗಾಳಿ ಹೋದಂತೆ! ಅದು ಕಡೆಯ ಕಂಬ ಮುಟ್ಟುವವರೆಗೆ ಕಾದೆ. ಮುಂದಿನ ಮಾತು ಆಡಿದೆ. ಮತ್ತೆ ಕಾದೆ. ಮಗನಿಗೆ ಮರಣದಂಡನೆ ಕೊಟ್ಟಾಗ ಮುಂದಿನ ಸಾಲು ಅತ್ತು ಮೂಗು ಒರೆಸಿಕೊಂಡ ಮೇಲೆ ಹಿಂದಿನ ಸಾಲು ಅಳತೊಡಗಿತು! ನನ್ನ ಕಂಚಿನ ಕಂಠದ ಕಾಲದಲ್ಲೂ ಇಂಥ ಆಟ ಆಡಿಲ್ಲ. ಮುಗಿದಾಗ ಚಪ್ಪಾಳೆಯಿಲ್ಲ, ಗಂಡಸರು ಟವೆಲು ಬೀಸಿದರು, ಹೆಂಗಸರು ಸೆರಗು ಬೀಸಿದರು.

ನಿನ್ನನ್ನು ನೋಡದೆ ಬಂದೆ. ನೀನು ಮರೆಯಿಂದ ಎದ್ದು ಓಡಿ ಬಂದರೆ ಗಂಡು ಬೆದರೀತೆಂದು ಬಂದೆ. ಇನ್ನೊಂದು ಕಾರಣವೂ ಇದೆ, ಅದು ನಿನಗೀಗ ಗೊತ್ತು. ನೀನು ಕೇಳಬೇಕಾಗಿದ್ದದ್ದು ಹಳೆಯ ದನಿಯನ್ನು.

ಈಗ ಹೇಳು. ಗಂಡು ಬಂತೇ? ನೆರೆದ ಜನ ಗೆಲ್ಲಿಸಿದರು. ಆದರೆ ಅವನು ಬಾರದಿದ್ದರೆ ನಾನು ಸೋತ ರಾಜ. ಮುತ್ತಪ್ಪ ಬಸ್ಸು ತಿರುಗಿಸುತ್ತಿದ್ದಾನೆ. ಬರೆ!

ಅಬ್ಬಾ

---

ಹಳಸವಾಡಿ
6 ಏಪ್ರಿಲ್ 2025

ಅಬ್ಬಾ, ನನ್ನ ಅಬ್ಬಾ,

ನಿಮ್ಮ ಮೇಲೆ ಸಿಟ್ಟು ಮಾಡಲೋ, ನನ್ನ ಮೇಲೆ ಮಾಡಲೋ ಎಂದು ಕೂತು, ಮೊದಲು ನೀವು ಕೇಳಿದ್ದಕ್ಕೆ ಉತ್ತರ ಬರೆಯಬೇಕೆಂದು ಎದ್ದೆ.

ನಿನ್ನೆ ಮಧ್ಯಾಹ್ನ ಮರೆಯಲ್ಲಿ ಕೂತೆ. ನಡುವೆ ಬಿದಿರು ಮೆಳೆ, ಹಂದರ ಕಾಣುವುದಿಲ್ಲ. ಜನ ಹೋಗುವ ಹೆಜ್ಜೆ ಸದ್ದು ಕೇಳಿತು, ಆಮೇಲೆ ನಿಂತಿತು. ಕಿವಿ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿಟ್ಟುಕೊಂಡಿದ್ದೆ, ಈಗ ಗುಡುಗುತ್ತದೆ, ಈಗ ಗುಡುಗುತ್ತದೆ ಎಂದು. ಏನೂ ಇಲ್ಲ. ಕಡೆಗೆ ನಾಟಕವೇ ನಿಂತುಹೋಯಿತು ಎಂದುಕೊಂಡೆ. ಆ ನಟ ಬರಲೇ ಇಲ್ಲ, ನನ್ನಿಂದಾಗಿ ಬರಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಎದ್ದು ಹೋಗಿ ನೋಡಬೇಕೆನಿಸಿತು. ನೀವು ಏಳಬೇಡವೆಂದಿದ್ದಿರಿ. ಏಳಲಿಲ್ಲ.

ಆಗ ಉಗಿಬಂಡಿಯ ಏದುಸಿರು.

ಗಂಡು ಸೀದಾ ಬಂದ. ಸುತ್ತಲಿಲ್ಲ, ದೂರದ ಕೊಂಬೆಯಲ್ಲಿ ಕೂತು ಅನುಮಾನಿಸಲಿಲ್ಲ. ಸೀಳಿನ ಬಾಯಿಗೆ ಒರಗಿ, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ತೆಗೆದು ಕೊಟ್ಟ. ಒಳಗಿನ ಕೊಕ್ಕು ಕಸಿದುಕೊಂಡಂತೆ ತೆಗೆದುಕೊಂಡಿತು. ಹೋದ, ಮತ್ತೆ ಬಂದ. ಬಿಸಿಲು ಇಳಿಯುವವರೆಗೂ ಹೋಗಿ ಬಂದು ಮಾಡಿದ. ಮರಿ ಚೀರಿತು, ಸೂಜಿಯಷ್ಟಲ್ಲ, ನನ್ನ ಕಿವಿ ಚುಚ್ಚುವಷ್ಟು!

ಬಿದಿರಿನ ಆ ಕಡೆ ಅಷ್ಟು ಜನ ಕೂತು ಅಳುತ್ತಿದ್ದರೆಂದು ನನಗೆ ಗೊತ್ತಾದದ್ದು ರೇಣವ್ವ ಕಣ್ಣು ಕೆಂಪು ಮಾಡಿಕೊಂಡು ಬಂದಾಗ. "ಎಂಥಾ ರಾಜಾ ಅದಾನ! ನಿನ್ನಂಗ ಮೂಗ ಐತಿ ನೋಡವಾ ಅವಗ" ಎಂದಳು. ರಾತ್ರಿಯ ಬಸ್ಸಿಗೆ ಮುತ್ತಪ್ಪ ನಿಮ್ಮ ಪತ್ರ ತಂದ.

ಅಬ್ಬಾ, ನಾನು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಟ್ಟಕಡೆಯ ಕಂಬಕ್ಕಿಂತಲೂ ಆಚೆ. ನಿಮ್ಮ ಒಂದು ಮಾತೂ ನನಗೆ ಕೇಳಿಸಲಿಲ್ಲ. ಒಂದಕ್ಷರವೂ ಇಲ್ಲ.

ಸಂತೆಯ ದಿನ ಖಾನಾಪುರದಿಂದ ಕರೆ ಮಾಡುತ್ತೇನೆ. ಅಮ್ಜದನ ಕೈಗೆ ಕೊಡಬೇಡಿ, ನೀವೇ ಎತ್ತಿ. ಇಷ್ಟು ದಿನ ಮರದ ಕೆಳಗೆ ಕೂತು ನನ್ನ ಕಿವಿ ಸಣ್ಣ ದನಿಗೆ ಪಳಗಿದೆ.

ನಿಮ್ಮ
ಕೌಸರ